ತೊಳೆದ ಸೀಟಿ

ಏಳನೆಯ ಕಂತು

"ಬಸ್ಸು ಬಂತು ಡೊಂಬಯ್ಯಣ್ಣ. ನಿಮ್ಮ ವಿಸಿಲ್ ಕೊಡಿ ಒಮ್ಮೆ!"

ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ ಜೇಬಿನಿಂದ ಸೀಟಿ ತೆಗೆದು ಕಾನ್‌ಸ್ಟೇಬಲ್ ಮಾಯಿಲಪ್ಪನ ಕೈಗೆ ಹಾಕಿದ. ಮಾಯಿಲಪ್ಪ ತನ್ನ ಸೀಟಿಯನ್ನು ಠಾಣೆಯಲ್ಲೇ ಮರೆತು ಬಂದಿದ್ದ. ಅವನು ಮರೆಯದೆ ತರುವ ಸಾಮಾನು ಒಂದೇ, ಎಲೆ ಅಡಿಕೆಯ ಚೀಲ.

ಮಡಿಕೇರಿ ಕಡೆಯ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಮಾಯಿಲಪ್ಪ ರಸ್ತೆ ಬದಿಯ ಅಂಗಡಿಯ ಜಗಲಿಯಲ್ಲಿದ್ದ ಚೊಂಬು ಎತ್ತಿ ಸೀಟಿಯ ಮೇಲೆ ನೀರು ಹೊಯ್ದ, ಅಂಗಿಯ ತುದಿಯಲ್ಲಿ ಒರೆಸಿದ, ಆಮೇಲೆ ರಸ್ತೆಯ ನಡುವೆ ನಿಂತು ಕೆನ್ನೆ ಉಬ್ಬಿಸಿ ಊದಿದ.

ಬಸ್ಸು ನಿಲ್ಲಲಿಲ್ಲ. ಬಾಗಿಲಲ್ಲಿ ಜೋತಾಡುತ್ತಿದ್ದವರಲ್ಲಿ ಒಬ್ಬ ಜಾಗ ಇಲ್ಲವೆಂದು ಕೈಯಾಡಿಸಿದ. ಧೂಳು ಮಾತ್ರ ಎಲ್ಲರಿಗೂ ಸಮನಾಗಿ ಸಿಕ್ಕಿತು.

"ಪೊಲೀಸಿನ ವಿಸಿಲಿಗೂ ಬೆಲೆ ಇಲ್ಲದ ಕಾಲ ಬಂತಲ್ಲ ಮಾರಾಯ್ರೆ," ಎಂದು ಮಾಯಿಲಪ್ಪ ಕಣ್ಣು ಉಜ್ಜಿಕೊಂಡ.

ಡೊಂಬಯ್ಯ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನು ಮಾಯಿಲಪ್ಪನ ಕೈಯಲ್ಲಿದ್ದ ಒದ್ದೆ ಸೀಟಿಯನ್ನು ನೋಡುತ್ತಿದ್ದ.

"ಅದನ್ನು ಎಂತಕ್ಕೆ ತೊಳೆದದ್ದು?"

"ಯಾವುದನ್ನು?"

"ವಿಸಿಲನ್ನು ಮಾರಾಯ. ಈಗ ತೊಳೆದೆಯಲ್ಲ."

"ತೊಳೆದೆನಾ?" ಮಾಯಿಲಪ್ಪನಿಗೆ ತಾನು ತೊಳೆದದ್ದೇ ನೆನಪಿರಲಿಲ್ಲ. "ತೊಳೆದಿರಬೇಕು. ಎಂಜಲಲ್ವಾ? ನಿಮ್ಮದು ಅಂತ ಅಲ್ಲ, ಬೇಜಾರು ಮಾಡಬೇಡಿ. ನನ್ನ ತಮ್ಮನದ್ದಾದ್ರೂ ತೊಳೆಯದೆ ಬಾಯಿಗೆ ಇಡುದುಂಟಾ?"

ಅಂಗಡಿಯ ಬೆಂಚಿನ ತುದಿಯಲ್ಲಿ ಕೈಕೋಳ ಹಾಕಿಕೊಂಡು ಕೂತಿದ್ದ ಹಂಝ ತಟ್ಟನೆ ತಲೆ ಎತ್ತಿದ. ಡೊಂಬಯ್ಯನ ಕಣ್ಣು ತನ್ನ ಕಡೆ ತಿರುಗುತ್ತಲೇ ಮುಖವನ್ನು ಬೇರೆ ಕಡೆಗೆ ಹೊರಳಿಸಿದ.

ಇಡೀ ಊರು ನೋಡಿದ ಸಾವು ಅದು. ಹತ್ತು ದಿನಗಳ ಹಿಂದೆ, ಭಾನುವಾರ, ಅರಂತೋಡಿನ ಮೈದಾನದಲ್ಲಿ, ಅಡಿಕೆ ಮರ ಕಟ್ಟಿ ಮಾಡಿದ ಅಟ್ಟಣಿಗೆಯ ಮೇಲೆ ಕೂತು ವಾಲಿಬಾಲ್ ಫೈನಲ್ ನಡೆಸುತ್ತಿದ್ದ ರೆಫ್ರಿ ಜತ್ತಪ್ಪ ಮಾಸ್ಟ್ರ ಸೀಟಿ ಆಟದ ನಡುವೆ ಕೈಕೊಟ್ಟಿತು. ನೆಟ್ಟಿನ ಆಚೆ ಬದಿಯಲ್ಲಿ ನಿಂತಿದ್ದ ಅಂಪೈರ್ ಹಂಝ ತನ್ನದನ್ನು ಕೊಟ್ಟ. ಮಾಸ್ಟ್ರು ಅದನ್ನು ಊದಿ ಆಟ ಶುರು ಮಾಡಿಸಿದವರು, ಸ್ವಲ್ಪ ಹೊತ್ತಿನಲ್ಲೇ ಅಟ್ಟಣಿಗೆಯಿಂದ ಉರುಳಿ ಸುಣ್ಣದ ಗೆರೆಯ ಮೇಲೆ ಬಿದ್ದರು. ಮತ್ತೆ ಏಳಲಿಲ್ಲ.

ಸೀಟಿಯಲ್ಲಿ ವಿಷ ಉಂಟೆಂದು ಮಂಗಳೂರಿನಿಂದ ವರದಿ ಬಂತು. ಮಾಸ್ಟ್ರ ಸ್ವಂತ ಸೀಟಿಯ ಒಳಗಿನ ಬೆಂಡಿನ ಗುಂಡನ್ನು ಯಾರೋ ಚಿವುಟಿ ತೆಗೆದಿದ್ದರು. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಅವರದನ್ನು ಕೆಡಿಸಿದವನು ಹಂಝ, ತನ್ನದಕ್ಕೆ ವಿಷ ಹಾಕಿ ಕೊಟ್ಟವನೂ ಹಂಝ.

ಡೊಂಬಯ್ಯನಿಗೆ ಮೊದಲ ದಿನದಿಂದಲೂ ಇದು ಗಂಟಲಲ್ಲಿ ಇಳಿಯಲಿಲ್ಲ. ಹಂಝ ಅರಂತೋಡಿನಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟವನು. ಮಾಸ್ಟ್ರೂ ಅವನೂ ಈಶ್ವರಮಂಗಲದಿಂದ ಕಡಬದವರೆಗೆ ಎಲ್ಲಿ ಪಂದ್ಯವಿದ್ದರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವರು. ಆದರೆ ಹೆಡ್ ಕಾನ್‌ಸ್ಟೇಬಲನ ಗಂಟಲಿನ ತೊಂದರೆ ಯಾರಿಗೆ ಬೇಕು? ಇವತ್ತು ಬೆಳಗ್ಗೆ ಸ್ಥಳ ಮಹಜರು ಮುಗಿಸಿದ ಇನ್‌ಸ್ಪೆಕ್ಟರು "ಸಂಜೆಯೊಳಗೆ ಇವನನ್ನು ಪುತ್ತೂರಿಗೆ ಮುಟ್ಟಿಸು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುದು" ಎಂದು ಹೇಳಿ ಮೋಟಾರ್ ಸೈಕಲ್ ಹತ್ತಿದ್ದರು. ಪುತ್ತೂರಿಗೆ ಮುಟ್ಟಿದ ಮೇಲೆ ಕೇಸು ಅರಂತೋಡಿನವರ ಕೈಯಲ್ಲಿ ಉಳಿಯುವುದಿಲ್ಲ. ಹಂಝನ ಕುತ್ತಿಗೆಯೂ ಉಳಿಯುವುದಿಲ್ಲ.

ಮೈದಾನದಲ್ಲಿದ್ದ ಅಷ್ಟೂ ಜನರನ್ನು ಡೊಂಬಯ್ಯ ಸ್ವತಃ ವಿಚಾರಿಸಿದ್ದ. ಎಲ್ಲರದೂ ಒಂದೇ ಮಾತು. ಹಂಝ ಕೊಟ್ಟ, ಮಾಸ್ಟ್ರು ಊದಿದರು. ನಡುವೆ ಮಾಸ್ಟ್ರು ಅದನ್ನು ತೊಳೆದರು ಎಂದು ಒಬ್ಬನೂ ಹೇಳಿರಲಿಲ್ಲ. ಊಟ ಮಾಡಿದೆವು ಎನ್ನುವವರು ಕೈ ತೊಳೆದೆವು ಎಂದು ಬೇರೆ ಹೇಳುತ್ತಾರೆಯೇ? ಕೇಳಿದ ತನಗೂ ಅದು ಹೊಳೆಯಲಿಲ್ಲ. ತಾನೂ ಇದೇ ಊರಿನ ನೀರು ಕುಡಿದವನು.

ಈಗ ಹೊಳೆದದ್ದೇ ಉಳಿದದ್ದೂ ಒಂದೊಂದಾಗಿ ಬಂತು. ವರದಿಯಲ್ಲಿ ವಿಷ ಇದ್ದದ್ದು ಸೀಟಿಯ ಹೊಟ್ಟೆಯಲ್ಲಿ. ಒಳಗಿನ ಬೆಂಡು ವಿಷದಲ್ಲಿ ನೆನೆದು ಉಬ್ಬಿತ್ತು. ಯಾರೋ ಹೊರಗಿನಿಂದ ಸವರಿದ್ದರೆ ತೊಳೆದಾಗ ಹೋಗುತ್ತಿತ್ತು. ನೆನೆಯಬೇಕಾದರೆ ನೀರು ಬೇಕು.

"ವಿಷ ಸೀಟಿಯಲ್ಲಿ ಇರಲಿಲ್ಲ," ಎಂದ ಡೊಂಬಯ್ಯ ತನ್ನಷ್ಟಕ್ಕೇ. "ಅದನ್ನು ತೊಳೆದ ನೀರಿನಲ್ಲಿ ಇತ್ತು."

ಮಾಸ್ಟ್ರು ತೊಳೆದು ಉಳಿದ ನೀರನ್ನು ಕುಡಿದಿರಬೇಕು. ಆ ಬಿಸಿಲಿನಲ್ಲಿ ಯಾರಾದರೂ ಕುಡಿಯುತ್ತಾರೆ.

"ಹಂಝ," ಡೊಂಬಯ್ಯ ಅವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. "ಮಾಸ್ಟ್ರು ನಿನ್ನ ವಿಸಿಲನ್ನು ತೊಳೆದು ಊದಿದ್ದಲ್ವಾ?"

"ಹೌದು."

"ಅದನ್ನು ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ಆ ನೀರು ಎಲ್ಲಿಂದ ಬಂತು?"

ಹಂಝನ ತುಟಿ ಬಿಗಿಯಿತು. ಉತ್ತರ ಬಾಯಿಯಲ್ಲೇ ಇದ್ದು ಅದನ್ನು ನುಂಗಿಕೊಂಡವನ ಮುಖ ಅದು. ಡೊಂಬಯ್ಯ ಇಪ್ಪತ್ತು ವರ್ಷದ ಚಾಕರಿಯಲ್ಲಿ ಸುಳ್ಳು ಹೇಳುವ ಮುಖಗಳನ್ನು ಬೇಕಾದಷ್ಟು ನೋಡಿದ್ದ. ಇದು ಆ ಪೈಕಿ ಅಲ್ಲ.

ಅಷ್ಟರಲ್ಲಿ ಸುಳ್ಯದ ಕಡೆಯಿಂದ ಬಂದ ಜೀಪೊಂದು ಅಂಗಡಿಯ ಮುಂದೆ ನಿಂತಿತು.

ಇಳಿದು ಬಂದವರು ಕೂಸಪ್ಪ ಗೌಡರು. ಗೆದ್ದವರಿಗೆ ಕಪ್ಪು ಕೊಡಿಸುವವರು, ಚಪ್ಪರ ಹಾಕಿಸುವವರು, ಪಂದ್ಯಾಟದ ಅಧ್ಯಕ್ಷರು. ಊರಿನಲ್ಲಿ ಜೀಪು ಇದ್ದವರು ಅವರೊಬ್ಬರೇ, ಆದ್ದರಿಂದ ಊರಿನ ಗರ್ಭಿಣಿಯರೂ ಹಾವು ಕಚ್ಚಿದವರೂ ಅವರ ಉಪಕಾರದಲ್ಲೇ ಪುತ್ತೂರಿನ ಆಸ್ಪತ್ರೆ ಕಂಡವರು.

"ಬಸ್ಸು ತಪ್ಪಿತಾ ಡೊಂಬಯ್ಯ?" ಗೌಡರು ನಕ್ಕರು. "ಇನ್ನು ಸಂಜೆಯವರೆಗೆ ಬಸ್ಸಿಲ್ಲ. ಬನ್ನಿ, ನಾನೇ ಬಿಡ್ತೇನೆ. ನನಗೂ ಪುತ್ತೂರಿನಲ್ಲಿ ಕೆಲಸ ಉಂಟು."

"ನಿಮಗೆ ಯಾಕೆ ತೊಂದರೆ ಧಣಿಗಳೇ."

"ತೊಂದರೆ ಎಂತದ್ದು? ನಮ್ಮ ಮೈದಾನದಲ್ಲಿ ಆದದ್ದು. ನಿದ್ದೆ ಬರುದಿಲ್ಲ ನನಗೆ." ಗೌಡರು ಹಂಝನ ಕಡೆ ನೋಡದೆ ಮಾತಾಡಿದರು. "ಗೆರೆ ನೋಡಲಿಕ್ಕೆ ಪುತ್ತೂರಿನಿಂದ ಬರಬೇಕಾದ ಲೈನ್‌ಮ್ಯಾನ್ ಬರಲಿಲ್ಲ ಅಂತ ಬಾವುಟ ಹಿಡಿದು ನಿಂತವನು ನಾನು. ಮಾಸ್ಟ್ರು ಎರಡು ಸಲ ನನ್ನ ಬಾವುಟವನ್ನು ಮೇಲಿಂದ ತಳ್ಳಿಹಾಕಿದ್ರು. ಚೆಂಡು ಗೆರೆಯ ಒಳಗೆ ಅಂತ ನಾನು, ಹೊರಗೆ ಅಂತ ಅವರು. ಜನ ಎಲ್ಲ ನಗಾಡಿದ್ರು. ಆದ್ರೂ ರೆಫ್ರಿ ಅಂದ್ರೆ ಹಾಗೇ ಇರಬೇಕು ನೋಡಿ."

ಡೊಂಬಯ್ಯನಿಗೂ ಅದು ನೆನಪಿತ್ತು. ಗೌಡರು ಪಂಚೆ ಎತ್ತಿ ಕಟ್ಟಿ ಕೆಂಪು ಬಾವುಟ ಹಿಡಿದು ಮೂಲೆಯಲ್ಲಿ ನಿಂತಾಗ ಜನ ಚಪ್ಪಾಳೆ ತಟ್ಟಿದ್ದರು. ಸೋಲುವುದರಲ್ಲಿದ್ದದ್ದು ಗೌಡರ ತಂಡವೇ. ಆಟ ಅಲ್ಲಿಗೇ ನಿಂತು ಹೋಯಿತು.

"ಹೋಗುವ ಮೊದಲು ಮಾಸ್ಟ್ರ ಮನೆಗೆ ಒಂದು ಗಳಿಗೆ ಹೋಗುದುಂಟು," ಎಂದ ಡೊಂಬಯ್ಯ.

"ಇವನನ್ನು ಕರಕೊಂಡಾ?" ಗೌಡರ ಹುಬ್ಬು ಮೇಲೇರಿತು. "ಪೂವಮ್ಮನ ಹೊಟ್ಟೆ ಉರಿಸಲಿಕ್ಕಾ?"

"ಒಂದು ಮಾತು ಕೇಳಲಿಕ್ಕೆ ಉಂಟು."

ಗೌಡರು ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ "ಆಗಲಿ, ಹತ್ತಿ," ಎಂದರು.

ಮಾಸ್ಟ್ರ ಮನೆ ರಸ್ತೆಯ ಮೇಲ್ಗಡೆ, ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಗೌಡರು ಜೀಪಿನಲ್ಲೇ ಉಳಿದರು. "ಸೂತಕದ ಮನೆ. ನಾಡಿದ್ದು ಬೊಜ್ಜಕ್ಕೆ ಹೇಗೂ ಬರ್ತೇನಲ್ಲ," ಎಂದರು.

ಮಾಸ್ಟ್ರ ಹೆಂಡತಿ ಪೂವಮ್ಮ ಜಗಲಿಯಲ್ಲಿ ಕೂತು ಉತ್ತರಕ್ರಿಯೆಯ ಬೊಜ್ಜದೂಟಕ್ಕೆ ಅಕ್ಕಿ ಆರಿಸುತ್ತಿದ್ದಳು. ಪೊಲೀಸರನ್ನು ಕಂಡು ಎದ್ದಳು. ಅವರ ನಡುವೆ ಹಂಝನನ್ನು ಕಂಡಾಗ ಗೆರಸೆ ಕೈಯಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿತು.

"ಇವನನ್ನು ಯಾಕೆ ಕರಕೊಂಡು ಬಂದ್ರಿ?"

"ಅಕ್ಕ, ಸ್ವಲ್ಪ ಕೇಳಿ."

"ಎಂತ ಕೇಳುದು? ಈ ಜಗಲಿಯಲ್ಲಿ ಕೂತು ಉಂಡವನು ಇವನು! ಇವನ ಹೆಂಡತಿ ಆಯಿಶಾ ಹೆತ್ತಾಗ ಎಣ್ಣೆ ಕಾಸಿ ಕೊಟ್ಟವಳು ನಾನು!" ಅವಳ ಸ್ವರ ಒಡೆಯಿತು. ನೇರವಾಗಿ ಹಂಝನನ್ನೇ ಕೇಳಿದಳು. "ಹೇಳು ಹಂಝ. ಅವರು ನಿನಗೆ ಎಂತ ಮಾಡಿದ್ರು?"

ಹಂಝ ಅಂಗಳದಲ್ಲೇ ನಿಂತ. ಕೋಳದ ಕೈಯಲ್ಲಿ ಕಣ್ಣು ಒರೆಸಲು ಹೋಗಿ ಆಗಲಿಲ್ಲ.

"ಅಕ್ಕ, ನಮ್ಮನ್ನು ಪಡೆದ ದೇವರಾಣೆ, ನಾನು ಕೊಟ್ಟದ್ದು ವಿಸಿಲು ಮಾತ್ರ. ಕರ್ಚೀಫಿನಲ್ಲಿ ಹಿಡಿದು ಕೊಟ್ಟೆ. ಅವರ ಸಂಗತಿ ನನಗೆ ಗೊತ್ತಿಲ್ವಾ?"

"ಎಂತ ಸಂಗತಿ?" ಡೊಂಬಯ್ಯ ನಡುವೆ ಬಾಯಿ ಹಾಕಿದ.

ಪೂವಮ್ಮನೇ ಉತ್ತರ ಕೊಟ್ಟಳು. ಸಿಟ್ಟಿನ ನಡುವೆಯೂ ಗಂಡನ ಅಭ್ಯಾಸದ ಮಾತು ಬಂದಾಗ ಅವಳ ಮುಖ ಸ್ವಲ್ಪ ಸಡಿಲವಾಯಿತು. "ಎಂಜಲು ಅಂದ್ರೆ ಅವರಿಗೆ ಆಗುದಿಲ್ಲ. ಇವನ ಮನೆಯಲ್ಲಿ ಹಬ್ಬಕ್ಕೆ ಹೋಗಿ ಉಣ್ಣುತ್ತಿದ್ರು, ಅದಕ್ಕೆ ಎಂತ ಇಲ್ಲ. ಆದ್ರೆ ನಾನು ಕಚ್ಚಿದ ಮಾವಿನ ಹಣ್ಣನ್ನು ಮುಟ್ಟುತ್ತಿರಲಿಲ್ಲ. ಒಂದು ಸಲ ಸ್ವಂತ ಅಣ್ಣನ ವಿಸಿಲನ್ನು ಬಿಸಿನೀರಲ್ಲಿ ಕುದಿಸಿದ ಜನ."

"ಹಾಗಾದ್ರೆ ಇವನ ವಿಸಿಲನ್ನು ತೊಳೆಯದೆ ಊದಿರುದಿಲ್ಲ."

"ಊದ್ತಾರಾ! ಪ್ರಾಣ ಹೋದ್ರೂ ಇಲ್ಲ." ಹೇಳಿದ ಮೇಲೆ ತನ್ನ ಮಾತು ತನಗೇ ತಾಗಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಡೊಂಬಯ್ಯ ನಿಧಾನವಾಗಿ ಕೇಳಿದ. "ಅವರು ಕುಡಿಯುವ ನೀರು?"

"ನಾನೇ ಜೀರಿಗೆ ಹಾಕಿ ಕುದಿಸಿ ಕಿಂಡಿಯಲ್ಲಿ, ಅದೇ ಮೂತಿ ಇರುವ ಹಿತ್ತಾಳೆ ಚೊಂಬಿನಲ್ಲಿ, ಕೊಡ್ತಿದ್ದೆ. ಪಂದ್ಯಕ್ಕೆ ಹೋದಲ್ಲಿ ಬೇರೆ ನೀರು ಮುಟ್ಟುತ್ತಿರಲಿಲ್ಲ. ಅವತ್ತೂ ಕೊಟ್ಟಿದ್ದೆ." ಅವಳು ಡೊಂಬಯ್ಯನ ಮುಖ ನೋಡಿದಳು. "ಯಾಕೆ? ನೀರಿನಲ್ಲಿ ಎಂತ?"

ಡೊಂಬಯ್ಯ ಹೇಳಿದ. ಹೇಳದೆ ಬೇರೆ ದಾರಿ ಇರಲಿಲ್ಲ. ವಿಷ ಇದ್ದದ್ದು ನೀರಿನಲ್ಲಿ, ಸೀಟಿಗೆ ಬಂದದ್ದು ಆ ನೀರಿನಿಂದ.

ಪೂವಮ್ಮ ಕೂಗಲಿಲ್ಲ. ಚೆಲ್ಲಿದ ಅಕ್ಕಿಯ ಮೇಲೆಯೇ ಕೂತುಬಿಟ್ಟಳು. ತನ್ನ ಕೈಯಿಂದ ತುಂಬಿಸಿದ ಕಿಂಡಿ. ಆ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಡೊಂಬಯ್ಯನಿಗೆ ಬಹಳ ಸಂಕಟವಾಯಿತು.

"ಮನೆಯಿಂದ ಹೋಗುವಾಗ ನೀರು ಸರಿ ಇತ್ತು ಅಕ್ಕ," ಎಂದ ಹಂಝ. "ಮೊದಲ ಸೆಟ್ಟು ಮುಗಿದಾಗ ಅವರು ಅದನ್ನೇ ಕುಡಿದದ್ದು ನಾನು ನೋಡಿದ್ದೇನೆ. ಅಟ್ಟಣಿಗೆಯ ಮೇಲೆ ಇಟ್ಟುಕೊಳ್ಳಲಿಕ್ಕೆ ಜಾಗ ಇರಲಿಲ್ಲ. ಕೆಳಗೆ ಚಪ್ಪರದಲ್ಲಿ ಇಟ್ಟಿದ್ರು."

"ಅಂದ್ರೆ ಆಮೇಲೆ ಅದಕ್ಕೆ ವಿಷ ಸೇರಿದ್ದು." ಡೊಂಬಯ್ಯ ಹಂಝನ ಹತ್ತಿರ ಹೋದ. "ಹಂಝ, ರೆಫ್ರಿಯ ಎದುರಿಗೆ ನಿಲ್ಲುವವನು ನೀನೊಬ್ಬನೇ. ಉಳಿದವರೆಲ್ಲ ಚೆಂಡು ನೋಡ್ತಾರೆ, ನೀನು ರೆಫ್ರಿಯನ್ನೂ ನೋಡ್ತಿ. ಎರಡನೇ ಸಲ ಕಿಂಡಿ ಮೇಲೆ ಹೋದದ್ದು ಯಾರ ಕೈಯಿಂದ?"

"ಅದು ಬೇಡ ಡೊಂಬಯ್ಯಣ್ಣ."

"ನಿನ್ನ ಕುತ್ತಿಗೆಗೆ ಹಗ್ಗ ಬರ್ತದೆ ಮಾರಾಯ!"

"ಗೊತ್ತುಂಟು. ಕೇಳಬೇಡಿ."

"ಯಾರನ್ನು ಉಳಿಸಲಿಕ್ಕೆ ನೋಡ್ತಾ ಇದ್ದಿ?"

ಹಂಝ ಅಂಗಳದ ಮಣ್ಣನ್ನು ಕಾಲ್ಬೆರಳಿನಿಂದ ಕೆದಕಿದ.

ಡೊಂಬಯ್ಯನ ತಾಳ್ಮೆ ಹೋಯಿತು. ಹಂಝನ ರಟ್ಟೆ ಹಿಡಿದು ಅಲುಗಿಸಿದ. "ಕೆಳಗಿನ ಅಂಪೈರ್ ಮೇಲಿನವರು ಕೇಳಿದ್ರೆ ಮಾತ್ರ ಹೇಳುದು ಅಂತ ನಿಮ್ಮ ಆಟದಲ್ಲಿ ನಿಯಮ ಉಂಟಲ್ಲ? ಕೇಳಿದ ಮೇಲೆ ಹೇಳದೆ ಇರುವ ಹಾಗಿಲ್ಲ, ಅದೂ ಉಂಟು. ಈಗ ನಾನು ಕೇಳ್ತಾ ಇದ್ದೇನೆ. ಯಾರ ಕೈ?"

ಹಂಝ ಕಣ್ಣೆತ್ತಿ ಅವನನ್ನೇ ನೋಡಿದ.

"ನಿಮ್ಮದು."

ಮಾಯಿಲಪ್ಪ ಜಗಿಯುವುದನ್ನು ನಿಲ್ಲಿಸಿದ.

"ನೀವು ಅಟ್ಟಣಿಗೆಯ ಬುಡದಲ್ಲಿ ನಿಂತಿದ್ರಿ," ಹಂಝ ತಗ್ಗಿದ ಸ್ವರದಲ್ಲಿ ಮುಂದುವರಿಸಿದ. "ಆಟ ನಿಂತಿತ್ತು, ಜನ ನುಗ್ಗಿ ಬರ್ತಾ ಇದ್ರು. ನೀವು ಲಾಠಿ ಅಡ್ಡ ಹಿಡಿದು ಜನರನ್ನೇ ನೋಡ್ತಾ ಇದ್ರಿ. ನೋಡದೆಯೇ ಕಿಂಡಿ ತಕೊಂಡ್ರಿ, ನೋಡದೆಯೇ ಮೇಲೆ ಎತ್ತಿ ಕೊಟ್ರಿ. ಮಾಸ್ಟ್ರು ವಿಸಿಲು ತೊಳೆದ್ರು, ಉಳಿದದ್ದನ್ನು ಎತ್ತಿ ಕುಡಿದ್ರು."

ಡೊಂಬಯ್ಯ ಹಂಝನ ರಟ್ಟೆ ಬಿಟ್ಟ. ಮೊದಲು ಸಿಟ್ಟು ಬಂತು. ಆಮೇಲೆ ಅಂಗೈಯಲ್ಲಿ ಹಿತ್ತಾಳೆಯ ತಂಪು ನೆನಪಾಯಿತು. ಹೌದು. ಕೊಟ್ಟಿದ್ದ. ತಾನೇ ಕೊಟ್ಟಿದ್ದ. ಅಷ್ಟು ಜನರನ್ನು ವಿಚಾರಿಸಿದವನು ತನ್ನನ್ನು ಮಾತ್ರ ವಿಚಾರಿಸಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ಯಾರು ನಂಬುದು? ಕೋಳ ಹಾಕಿಸಿಕೊಂಡವನು ಪೊಲೀಸಿನ ಮೇಲೆ ಹಾಕಿದ ಅಂತ ಇನ್ನೂ ನಾಲ್ಕು ಬೀಳ್ತಿತ್ತು. ನಂಬಿದ್ರೂ ನೀವು ಒಳಗೆ ಹೋಗುದು. ನೀವು ಮಾಡಿದ್ದಲ್ಲ ಅಂತ ನನಗೆ ಗೊತ್ತುಂಟು." ಹಂಝ ಕೋಳದ ಕೈಗಳನ್ನು ಎದೆಗೆ ಒತ್ತಿಕೊಂಡ. "ಈ ಊರಿನಲ್ಲಿ ನನ್ನ ಪರ ಇರುದು ನೀವೊಬ್ಬರೇ ಡೊಂಬಯ್ಯಣ್ಣ. ನಿಮ್ಮನ್ನೂ ಕಳಕೊಂಡ್ರೆ ನನ್ನ ಆಯಿಶಾ ಯಾರ ಹತ್ತಿರ ಹೋಗಿ ಅಳುದು?"

ಡೊಂಬಯ್ಯ ಜಗಲಿಯ ಕಂಬ ಹಿಡಿದುಕೊಂಡ. ಈಗ ಇದನ್ನು ಇನ್‌ಸ್ಪೆಕ್ಟರಿಗೆ ಹೇಳಿದರೆ ತಾನು ಕೊಲೆಗಾರ. ಹೇಳದಿದ್ದರೆ ಹಂಝ. ಹೇಗೆ ತಿರುಗಿಸಿದರೂ ನಿಜವಾದವನು ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಾನೆ.

"ನನ್ನ ಕೈಗೆ ಕೊಟ್ಟದ್ದು ಯಾರು? ಅದನ್ನು ನೋಡಿದ್ದೀಯಾ?"

"ಮುಖ ಕಾಣಲಿಲ್ಲ. ನೀವೇ ಅಡ್ಡ ಇದ್ರಿ. ನಿಮ್ಮ ಬೆನ್ನಿನ ಹಿಂದಿನಿಂದ ಒಂದು ಕೈ ಬಂತು, ಅಷ್ಟೇ. ಎಡಗೈ."

ಎಡಗೈ.

ಅಷ್ಟು ಹೇಳುತ್ತಲೇ ಡೊಂಬಯ್ಯನಿಗೆ ಇನ್ನೊಂದು ನೆನಪಾಯಿತು. ಕಿಂಡಿ ತನ್ನ ಪಕ್ಕೆಗೆ ತಾಗಿದಾಗ ಕಣ್ಣಂಚಿನಲ್ಲಿ ಎಡಗೈ ಕಂಡು "ಎಡಗೈಯಲ್ಲಿ ಕೊಡುದಾ, ಮರ್ಯಾದೆ ಇಲ್ವಾ?" ಎಂದು ತಿರುಗದೆಯೇ ಗದರಿಸಿದ್ದ. ಹಿಂದಿದ್ದವರು ಒಂದಕ್ಷರ ಉತ್ತರ ಕೊಡಲಿಲ್ಲ. ತಪ್ಪಾಯಿತು ಎನ್ನಲಿಲ್ಲ, ಜಗಳಕ್ಕೂ ಬರಲಿಲ್ಲ.

ಕೆಳಗಿನಿಂದ ಜೀಪಿನ ಹಾರ್ನ್ ಕೇಳಿತು. ಉದ್ದಕ್ಕೆ ಎರಡು ಸಲ.

"ಮಾಯಿಲಪ್ಪ, ಇವನನ್ನು ಜೀಪಿನಲ್ಲಿ ಕೂರಿಸು," ಎಂದ ಡೊಂಬಯ್ಯ. ಯೋಚಿಸಲು ಅವನಿಗೆ ಒಂದು ಗಳಿಗೆಯ ಒಂಟಿತನ ಬೇಕಿತ್ತು. "ನಾನು ಈಗ ಬಂದೆ."

ಅವರು ಮೆಟ್ಟಿಲು ಇಳಿದು ಹೋದರು. ಪೂವಮ್ಮ ಹಂಝನ ಬೆನ್ನನ್ನೇ ನೋಡುತ್ತಿದ್ದಳು. "ಅವನನ್ನು ನಾನು ಎಷ್ಟು ಶಪಿಸಿದ್ದೇನೆ ಗೊತ್ತುಂಟಾ?" ಎಂದಳು ಮೆಲ್ಲಗೆ.

"ಅಕ್ಕ, ಆ ಕಿಂಡಿ ಈಗ ಎಲ್ಲಿ ಉಂಟು?"

"ಒಳಗೆ. ಗೋಡೆಯ ಮಾಡದಲ್ಲಿ."

ಡೊಂಬಯ್ಯನಿಗೆ ಆಶ್ಚರ್ಯವಾಯಿತು. ಮೈದಾನದಲ್ಲಿ ಸಿಕ್ಕಿದ ಸಾಮಾನುಗಳಲ್ಲಿ ಕಿಂಡಿ ಇರಲಿಲ್ಲ. ಇದ್ದಿದ್ದರೆ ಅವತ್ತೇ ಮಂಗಳೂರಿಗೆ ಹೋಗುತ್ತಿತ್ತು.

ಪೂವಮ್ಮ ಅದನ್ನು ತಂದಳು. ಹಿತ್ತಾಳೆಯ ಸಣ್ಣ ಕಿಂಡಿ. ಮಾಡದ ಕತ್ತಲೆಯಿಂದ ಬಂದರೂ ಅದು ಫಳಫಳ ಹೊಳೆಯುತ್ತಿತ್ತು. ಸೂತಕದ ಮನೆಯಲ್ಲಿ ಪಾತ್ರೆಗಳಿಗೆ ಇಷ್ಟು ಹೊಳಪು ಎಲ್ಲಿಂದ?

"ನೀವು ತಿಕ್ಕಿದ್ದಾ?"

"ನಾನು ಏಳುವ ಸ್ಥಿತಿಯಲ್ಲೇ ಇರಲಿಲ್ಲ. ಹುಳಿ ಹಾಕಿ ತಿಕ್ಕಿಸಿಯೇ ತಂದುಕೊಟ್ರು. ಮಾಸ್ಟ್ರ ನೆನಪಿಗೆ ಇರಲಿ ಪೂವಮ್ಮ, ಅಲ್ಲಿ ಬಿದ್ದು ಹಾಳಾಗುದು ಬೇಡ ಅಂತ. ಮರುದಿನ ಬೆಳಗ್ಗೆಯೇ."

"ಯಾರು ತಂದದ್ದು?"

"ಕೂಸಪ್ಪಣ್ಣ. ಮತ್ಯಾರು ಅಷ್ಟು ಮಾಡ್ತಾರೆ?" ಪೂವಮ್ಮ ಸ್ವಲ್ಪ ತಡೆದು ಹೇಳಿದಳು. "ಪಂದ್ಯದ ಹಿಂದಿನ ದಿನವೂ ಬಂದಿದ್ರು. ಇಬ್ಬರೂ ಇಲ್ಲೇ ಜಗಲಿಯಲ್ಲಿ ಮಾತಾಡಿದ್ರು. ಎಂತ ಅಂತ ನನಗೆ ಗೊತ್ತಿಲ್ಲ. ಎಲೆ ಅಡಿಕೆ ಇಟ್ಟೆ, ಮುಟ್ಟದೆ ಎದ್ದು ಹೋದ್ರು."

ಡೊಂಬಯ್ಯ ಕಿಂಡಿಯನ್ನು ಬಲಗೈಯಲ್ಲಿ ಹಿಡಿದು ನಿಂತ. ನಮ್ಮೂರಿನಲ್ಲಿ ಎಡಗೈಯಲ್ಲಿ ನೀರು ಕೊಡುವವನು ಯಾರು? ಮಗುವಿಗೂ ಗೊತ್ತಿರುವ ಮರ್ಯಾದೆ ಅದು. ಕೊಡಬೇಕಾದರೆ ಅವನ ಬಲಗೈ ಖಾಲಿ ಇರಬಾರದು. ಬಲಗೈಯಲ್ಲಿ ಬಿಡುವಂತಿಲ್ಲದ ಒಂದು ಸಾಮಾನು ಇರಬೇಕು.

ಅಟ್ಟಣಿಗೆಯ ಹತ್ತಿರದ ಮೂಲೆಯಲ್ಲಿ ನಿಂತವರ ಬಲಗೈಯಲ್ಲಿ ಅವತ್ತು ಕೆಂಪು ಬಾವುಟ ಇತ್ತು.

ಊರಿನ ಧಣಿಗಳಿಗೆ ಒಬ್ಬ ಪೊಲೀಸು ಎಲ್ಲರ ಮುಂದೆ ಮರ್ಯಾದೆ ಇಲ್ವಾ ಎಂದು ಗದರಿಸಿದರೂ ಅವರು ತುಟಿ ಬಿಚ್ಚಲಿಲ್ಲ. ಬೇರೆ ದಿನವಾಗಿದ್ದರೆ ಡೊಂಬಯ್ಯನ ಟೊಪ್ಪಿ ಹಾರುತ್ತಿತ್ತು. ಅವತ್ತು ಅವರಿಗೆ ಬೇಕಾದದ್ದು ಒಂದೇ, ಅವನು ತಿರುಗಿ ನೋಡಬಾರದು.

ಒಂದು ಕಪ್ಪಿಗಾಗಿ ಯಾರಾದರೂ ಮನುಷ್ಯನನ್ನು ಕೊಲ್ಲುತ್ತಾರೆಯೇ? ಇಲ್ಲ, ಇದರ ಹಿಂದೆ ಬೇರೇನೋ ಇದೆ. ಆದರೆ ಅದನ್ನು ಯೋಚಿಸುವ ಹೊತ್ತು ಇದಲ್ಲ ಎಂದು ಡೊಂಬಯ್ಯನಿಗೆ ಮರುಕ್ಷಣವೇ ತಿಳಿಯಿತು. ಆ ಕಿಂಡಿ ಮೇಲೆ ಹೋದದ್ದನ್ನು ಕಂಡವನು ಇಡೀ ಊರಿನಲ್ಲಿ ಒಬ್ಬನೇ ಇದ್ದಾನೆ. ಅವನನ್ನು ಈಗಷ್ಟೇ ತಾನು ಕೆಳಗೆ ಕಳಿಸಿದ್ದ.

"ಮಾಯಿಲಪ್ಪಾ!"

"ಬಂದೆ, ಬಂದೆ," ಎಂಬ ಉತ್ತರ ತೀರಾ ಹತ್ತಿರದಿಂದ ಬಂತು. ಮಾಯಿಲಪ್ಪ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಅಂಗಳಕ್ಕೆ ಕಾಲಿಡುತ್ತಿದ್ದ. ಒಬ್ಬನೇ.

"ಹಂಝ ಎಲ್ಲಿ?"

"ಜೀಪಿನಲ್ಲಿ ಕೂರಿಸಿದೆ. ನನ್ನ ಟೊಪ್ಪಿ ಇಲ್ಲೇ ಜಗಲಿಯಲ್ಲಿ ಬಿಟ್ಟಿದ್ದೆ. ಗೌಡ್ರೇ ನೆನಪು ಮಾಡಿದ್ದು ಪಾಪ. ಟೊಪ್ಪಿ ಇಲ್ಲದೆ ಕೋರ್ಟಿಗೆ ಹೋಗ್ತೀರಾ ಪೊಲೀಸ್ರೆ, ತಕೊಂಡು ಬನ್ನಿ, ನಾನಿದ್ದೇನೆ ಅಂದ್ರು..."

ಕೆಳಗೆ ಜೀಪಿನ ಇಂಜಿನು ಗರ್ ಎಂದಿತು.

ಡೊಂಬಯ್ಯ ಓಡಿದ. ಮೆಟ್ಟಿಲಿನ ನಡುವೆ ಕಾಲು ಜಾರಿ ಬಿದ್ದ, ಕಿಂಡಿ ಕೈತಪ್ಪಿ ಠಣಠಣ ಎನ್ನುತ್ತಾ ಅವನಿಗಿಂತ ಮೊದಲೇ ರಸ್ತೆಗೆ ಇಳಿಯಿತು. ಎದ್ದು ನೋಡುವಾಗ ಜೀಪು ಹೊರಟಾಗಿತ್ತು. ಎಡಕ್ಕೆ ತಿರುಗಿದ್ದರೆ ಸುಳ್ಯ, ಪುತ್ತೂರು, ಕೋರ್ಟು.

ಜೀಪು ಬಲಕ್ಕೆ ತಿರುಗಿತು. ಬಲಕ್ಕೆ ಇರುವುದು ಮಡಿಕೇರಿಯ ಘಾಟಿ, ಒಂದು ಬದಿಯಲ್ಲಿ ಕಡಿದ ಗುಡ್ಡದ ಬರೆ, ಇನ್ನೊಂದು ಬದಿಯಲ್ಲಿ ಪ್ರಪಾತ.

"ವಿಸಿಲ್! ವಿಸಿಲ್ ಎಲ್ಲಿ?"

ಹಿಂದಿನಿಂದ ಓಡಿ ಬಂದ ಮಾಯಿಲಪ್ಪ ಜೇಬು ತಡಕಾಡಿ ಸೀಟಿ ತೆಗೆದ. ಅದಕ್ಕೆ ಅವನ ಎಲೆ ಅಡಿಕೆಯ ಕೆಂಪು ಅಂಟಿತ್ತು. ಡೊಂಬಯ್ಯ ಅದನ್ನು ಕಸಿದು ಹಾಗೆಯೇ ಬಾಯಿಗಿಟ್ಟು ಉಸಿರು ಇರುವಷ್ಟೂ ಊದಿದ.

ಜೀಪು ನಿಧಾನವಾಗಲಿಲ್ಲ. ಸ್ಟಿಯರಿಂಗ್ ಹಿಡಿದವರ ತಲೆ ಅಲುಗಲಿಲ್ಲ.

ತಿರುಗಿದವನು ಹಿಂದಿನ ಸೀಟಿನಲ್ಲಿದ್ದ ಹಂಝ. ಅಂಪೈರನ ಅಭ್ಯಾಸ ಅದು, ಸೀಟಿ ಕೇಳಿದರೆ ಆಟ ನಿಲ್ಲಬೇಕು ಎಂದು ನಂಬಿದವನು. ಅವನು ಕೈ ಎತ್ತಿದ. ಕೋಳ ಇದ್ದದ್ದರಿಂದ ಎರಡು ಕೈಗಳೂ ಒಟ್ಟಿಗೆ ಮೇಲೆದ್ದವು.

ಡೊಂಬಯ್ಯ ಇನ್ನೊಮ್ಮೆ ಊದಿದ. ಜೀಪು ಘಾಟಿಯ ಕಡೆಯ ತಿರುವು ದಾಟಿತು.